ಗೋಲಿನ ಮುಂದಿನ ಗರಸು

ನರಗುಂದದಲ್ಲಿ ನಮ್ಮ ಮನೆಯ ಮುಂದಿನ ರಸ್ತೆಗೆ ಮೊನ್ನೆ ಒಂದು ಟಿಪ್ಪರ್ ಗರಸು ತಂದು ಸುರಿದರು. ಗರಸು ಅಂದರೆ ಗುಡ್ಡದ ಬುಡ ಅಗೆದು ತರುವ ಕೆಂಪು ಹರಳುಮಣ್ಣು. ಮಳೆ ಬಿದ್ದರೆ ನಮ್ಮ ಎರೆಮಣ್ಣಿನ ಓಣಿಯಲ್ಲಿ ಕಾಲು ಒಂದು ಕಡೆ, ಚಪ್ಪಲಿ ಒಂದು ಕಡೆ ಆಗುತ್ತದೆ; ಅದಕ್ಕೇ ಮಳೆಗಾಲದ ಮುಂಚೆ ಈ ಉಪಚಾರ. ಹಿಂದಿನ ದಿನ ನಾಲ್ಕು ಹನಿ ಬಿದ್ದಿದ್ದವು. ಹಸಿ ಗರಸಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಕೈಯಲ್ಲಿ ಕಸಬರಿಗೆ ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ. ಡ್ರೈವರನಿಗೆ ಹೆದರಿಕೆಯಾಯಿತೋ ಏನೋ.

"ಬಾಗಲಾ ಮುಂದ ಹಾಕಿಲ್ರಿ ಅಕ್ಕಾರ, ಬಾಜೂಕ ಹಾಕೇನಿ" ಅಂದ.

"ಹಾಕಪಾ, ನಿನಗೇನೂ ಅಂದಿಲ್ಲ ನಾ" ಅಂದೆ. ನನ್ನ ಮುಖವೇ ಅಂಥದ್ದು. ಸುಮ್ಮನೆ ನಿಂತರೂ ಬೈಯಲಿಕ್ಕೇ ನಿಂತವಳ ಹಾಗೆ ಕಾಣುತ್ತೇನೆ. ವಯಸ್ಸಿನ ಅರ್ಧ ಭಾಗ ಹೆಣ್ಣುಮಕ್ಕಳ ಹಾಸ್ಟೆಲಿನ ವಾರ್ಡನ್ ಆಗಿ ಕಳೆದವಳ ಮುಖ ಮತ್ತೆ ಹೇಗಿರಬೇಕು ಹೇಳಿ!

ಆದರೆ ನಾನು ಆ ಹೊತ್ತಿನಲ್ಲಿ ನರಗುಂದದಲ್ಲಿ ಇರಲಿಲ್ಲ. ರೋಣದಲ್ಲಿದ್ದೆ. ಅಲ್ಲಿ ಕಳೆದ ಒಂದೇ ಒಂದು ಮಳೆಗಾಲದಲ್ಲಿದ್ದೆ.

ರೋಣಕ್ಕೆ ವರ್ಗವಾದಾಗ ಮನಸ್ಸಿನಲ್ಲೇ ಯಾರ್ಯಾರಿಗೋ ಶಾಪ ಹಾಕಿದ್ದೆ. ಇದ್ದ ಊರು ಬಿಟ್ಟು ಮತ್ತೆ ಹಾಸಿಗೆ ಸುತ್ತಬೇಕಲ್ಲ ಎಂಬ ಸಿಟ್ಟು. ಹೋಗಿ ನೋಡಿದರೆ ಹಾಸ್ಟೆಲಿಗೆ ಅಂಟಿಕೊಂಡೇ ಕ್ರೀಡಾಂಗಣ. ನಡುವೆ ಎದೆಮಟ್ಟದ ಗೋಡೆ, ಅದರಲ್ಲೊಂದು ಕಡೆ ಕಲ್ಲು ಬಿದ್ದು ಅದೇ ದಾರಿಯಾಗಿತ್ತು. ಗೇಟಿನ ಮೇಲೆ 'ವಿವಿಧೋದ್ದೇಶ ಕ್ರೀಡಾಂಗಣ' ಅಂತ ದೊಡ್ಡ ಫಲಕ. ಆ ವಿವಿಧ ಉದ್ದೇಶಗಳು ಯಾವುವು ಅಂತ ತಿಳಿಯಲು ಬಹಳ ದಿನ ಬೇಕಾಗಲಿಲ್ಲ. ಬೆಳಿಗ್ಗೆ ಸಕ್ಕರೆ ಕಾಯಿಲೆಯವರು ಸುತ್ತು ಹಾಕುತ್ತಿದ್ದರು. ಅವರು ಹೋದ ಮೇಲೆ ಕಾರು ಕಲಿಯುವವರು ಬರುತ್ತಿದ್ದರು. ಬ್ರೇಕ್ ಎಲ್ಲಿದೆ ಅಂತ ಗೊತ್ತಾಗುವ ಮುಂಚೆ ಅವರಲ್ಲಿ ಒಬ್ಬರು ನಮ್ಮ ಗೋಡೆಯನ್ನು ಮಾತಾಡಿಸಿದ್ದೂ ಉಂಟು. ಗ್ಯಾಲರಿಯ ಸಿಮೆಂಟು ಮೆಟ್ಟಿಲುಗಳ ಮೇಲೆ ಆಯಾ ಕಾಲಕ್ಕೆ ಹೆಸರುಕಾಳು, ಉಳ್ಳಾಗಡ್ಡಿ, ಮೆಣಸಿನಕಾಯಿ ಒಣಗುತ್ತಿದ್ದವು. ಪ್ರವಚನ ಅಲ್ಲೇ, ವಸ್ತುಪ್ರದರ್ಶನ ಅಲ್ಲೇ, ಸ್ವಾತಂತ್ರ್ಯ ದಿನದ ಪರೇಡು ಅಲ್ಲೇ, ದೊಡ್ಡವರು ಆಕಾಶದಿಂದ ಬಂದರೆ ಅವರ ಹೆಲಿಕಾಪ್ಟರ್ ಇಳಿಯುವುದೂ ಅಲ್ಲೇ.

ಇಷ್ಟೆಲ್ಲದರ ನಡುವೆ ಉತ್ತರದ ತುದಿಯಲ್ಲಿ, ಗೇಟಿನ ಪಕ್ಕ, ಕಬ್ಬಿಣದ ಪೈಪಿನ ಒಂದು ಗೋಲುಗಂಬವಿತ್ತು. ಒಂದೇ. ದಕ್ಷಿಣದ ಗೋಲನ್ನು ಯಾವುದೋ ಸಮಾರಂಭಕ್ಕೆ ಕಿತ್ತವರು ಮತ್ತೆ ನೆಟ್ಟಿರಲಿಲ್ಲ. ಅಲ್ಲಿ ಎರಡು ಬಿದಿರು ಗಳ, ಮೇಲೊಂದು ಜೋಲುಹಗ್ಗ.

ಬಂದು ಕೆಲವು ದಿನಗಳಾಗಿದ್ದವು. ಒಂದು ಸಂಜೆ ಇಮಾಮಸಾಬರು ಹಾಸ್ಟೆಲ್ ಬಾಗಿಲಿಗೆ ಬಂದರು. ಬಜಾರಿನಲ್ಲಿ ಅವರದು ಗಾದಿ ಅಂಗಡಿ. ಗಡ್ಡದಲ್ಲಿ, ಹುಬ್ಬಿನಲ್ಲಿ ಹತ್ತಿಯ ಎಳೆ ಸಿಕ್ಕಿಕೊಂಡೇ ಇರುತ್ತಿದ್ದವು. ಹರೆಯದಲ್ಲಿ ಫುಟ್ಬಾಲ್ ಆಡಿದ್ದವರು. ಈಗ ಸಂಜೆ ಅಂಗಡಿಯನ್ನು ತಮ್ಮನಿಗೆ ಬಿಟ್ಟು ಊರ ಹುಡುಗಿಯರಿಗೆ ಆಟ ಕಲಿಸುತ್ತಿದ್ದರು. ತಂಡದ ಅರ್ಧ ಹುಡುಗಿಯರು ನನ್ನ ಹಾಸ್ಟೆಲಿನವರೇ.

"ಅಕ್ಕಾರ, ಹುಡಿಗ್ಯಾರ್ನ ಮ್ಯಾಚಿಗಿ ಕರಕೊಂಡ ಹೋಗಬೇಕಂದ್ರ ಜೋಡಿ ಒಬ್ರು ಹೆಣಮಗಳು ಮ್ಯಾನೇಜರ್ ಅಂತ ಬೇಕಂತ್ರಿ. ನೀವು ಹೂಂ ಅನ್ನಬೇಕು."

"ನನಗ ಚೆಂಡ ಯಾವ ಕಡೆ ಹೋದ್ರ ಚಲೋ ಅನ್ನೂದೂ ಗೊತ್ತಿಲ್ರಿ" ಅಂದೆ.

"ಗೊತ್ತಿದ್ದವ್ರು ಭಾಳ ಮಂದಿ ಅದಾರ್ರಿ. ಬರವ್ರು ಬೇಕಾಗೇದ" ಅಂದರು. ಹೂಂ ಅಂದೆ.

ಕ್ರೀಡಾಂಗಣದ ಕಥೆ ಹೇಳಿದವರೂ ಅವರೇ. ಮೊದಲು ಅದು ದನ ನಿಲ್ಲುವ ಬಯಲು. ಇವರ ಗುಂಪು ಜೋಳ ಕೊಯ್ದ ಹೊಲಗಳಲ್ಲಿ ಕೂಳೆ ಚುಚ್ಚಿಸಿಕೊಂಡು ಆಡುತ್ತಿತ್ತು. ಆಟಕ್ಕೊಂದು ಜಾಗ ಕೊಡಿ ಅಂತ ಕಂಡಕಂಡವರ ಕಾಲಿಗೆ ಬಿದ್ದರಂತೆ. "ನಾವು ಫುಟ್ಬಾಲಿಗೆ ಅಂತ ಕೇಳಿದ್ವಿ. ಬರೇ ಫುಟ್ಬಾಲಿಗೆ ಯಾರ್ ಕೊಡ್ತಾರೋ ತಮ್ಮಾ, ಎಲ್ಲಾದಕ್ಕೂ ಆಗಂಗ ಕೊಡ್ತೀವಿ ತಗೋ ಅಂದ್ರು. ಎಲ್ಲಾದಕ್ಕೂ ಆತ್ರಿ, ಫುಟ್ಬಾಲ್ ಒಂದ ಬಿಟ್ಟು." ಹೀಗೆ ಹೇಳಿ ಅವರು ನಗುತ್ತಿದ್ದರು. ಆ ಗೋಲುಗಂಬವನ್ನು ಸ್ವಂತ ಕೈಯಿಂದ, ಅಳತೆಪಟ್ಟಿ ಹಿಡಿದು, ಎಂಟಡಿ ಎತ್ತರಕ್ಕೆ ಸರಿಯಾಗಿ ನೆಟ್ಟು ಕಾಂಕ್ರೀಟು ಹಾಕಿದ್ದೇನೆ ಅನ್ನುವುದು ಅವರ ಹೆಮ್ಮೆ. ದಕ್ಷಿಣದ್ದನ್ನು ಕಿತ್ತ ಹಾಗೆ ಇದನ್ನು ಕೀಳಲು ಯಾರಿಗೂ ಆಗಿರಲಿಲ್ಲ. ಆಗದ್ದಕ್ಕೆ ಸಮಾರಂಭದವರು ಅದನ್ನೇ ಬಳಸಿಕೊಂಡಿದ್ದರು. ಶಾಮಿಯಾನದ ಹಗ್ಗ ಕಟ್ಟಲು ಅದಕ್ಕಿಂತ ಗಟ್ಟಿ ಕಂಬ ಎಲ್ಲಿ ಸಿಗಬೇಕು?

ಮಳೆ ಹಿಡಿಯಿತು. ಎರೆಭೂಮಿಯ ಮೇಲೆ ಮಳೆ ಅಂದರೆ ಏನು ಅಂತ ಈ ಕಡೆಯವರಿಗೆ ಹೇಳಬೇಕಾಗಿಲ್ಲ. ಹುಡುಗಿಯರ ಬೂಟು ಕೈಯಲ್ಲಿ ಎತ್ತಲಾಗದಷ್ಟು ಭಾರವಾಗುತ್ತಿತ್ತು. ಆದರೂ ಗೋಲಿನ ಮುಂದೆ ಮಾತ್ರ ಕೆಸರು ಕಡಿಮೆ. ಯಾಕೆಂದರೆ ವೇದಿಕೆ ಹಾಕುವುದು ಯಾವಾಗಲೂ ಆ ತುದಿಯಲ್ಲೇ, ದೊಡ್ಡವರ ಕಾರು ಬಂದು ನಿಲ್ಲುವುದು ಅಲ್ಲೇ. ಹಾಗಾಗಿ ಯಾವ ಕಾರ್ಯಕ್ರಮ ಬಂದರೂ ಮೊದಲ ಕೆಲಸ ಅಲ್ಲಿಗೆ ನಾಲ್ಕು ಟ್ರೇಲರ್ ಗರಸು ಹಾಕಿ ರೋಲರ್ ಓಡಿಸುವುದು. ಗಜೇಂದ್ರಗಡದ ಗುಡ್ಡದ ಕಡೆಯಿಂದ ಬರುತ್ತಿತ್ತು ಆ ಗರಸು. ನಾನಿದ್ದ ಆ ಕೆಲವೇ ತಿಂಗಳಲ್ಲಿ ಎರಡು ಸಲ ಬಿತ್ತು. ಒಳ್ಳೆಯದೇ ಆಯಿತು ಅಂತ ನಾವೆಲ್ಲ ಖುಷಿಪಟ್ಟೆವು, ಕೀಪರ್ ಹುಡುಗಿ ಜಾರುವುದಿಲ್ಲ ಅಂತ.

ಕೀಪರ್ ಹುಡುಗಿ ಅಂದರೆ ಹುಲಿಗೆವ್ವ. ಸೂಡಿಯವಳು, ನನ್ನ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು. ಎತ್ತರ, ತೆಳ್ಳಗೆ, ಮಾತು ಬಹಳ ಕಡಿಮೆ. ಊಟಕ್ಕೆ ಬಡಿಸಿದ್ದನ್ನು ಉಂಡು ಎದ್ದು ಹೋಗುವವಳು. ಆದರೆ ಗೋಲಿನಲ್ಲಿ ನಿಂತಾಗ ಬೇರೆಯೇ ಹುಡುಗಿ. ಚೆಂಡು ಹಿಡಿಯುವುದರಲ್ಲಿ ಜಾಣೆ ಇದ್ದೇ ಇದ್ದಳು, ಅದಕ್ಕಿಂತ ಹೆಚ್ಚಿನ ಜಾಣತನ ಚೆಂಡು ಬಿಡುವುದರಲ್ಲಿತ್ತು. ಮೇಲಿನಿಂದ ಬರುವ ಚೆಂಡನ್ನು ಒಂದು ಸಲ ನೋಡುತ್ತಿದ್ದಳು. "ಹೋತು" ಅನ್ನುತ್ತಿದ್ದಳು. ಬೆನ್ನು ತಿರುಗಿಸಿ ಎರಡು ಹೆಜ್ಜೆ ಮುಂದೆ ಬರುತ್ತಿದ್ದಳು. ಚೆಂಡು ಅಡ್ಡಪೈಪಿನ ಮೇಲೆ ನಾಲ್ಕೇ ಬೆರಳು ಅಂತರದಲ್ಲಿ ಹಾದು ಹೋಗುತ್ತಿತ್ತು. ಒಂದು ದಿನವೂ ತಪ್ಪಿದ್ದು ನಾನು ನೋಡಲಿಲ್ಲ. ಗ್ಯಾಲರಿಯಲ್ಲಿ ಹೆಸರು ಒಣಹಾಕಿ ಕಾಯುತ್ತಿದ್ದ ಮುದುಕರು ಅವಳು ಚೆಂಡು ಹಿಡಿದಾಗ ಸುಮ್ಮನಿರುತ್ತಿದ್ದರು, ಬಿಟ್ಟಾಗ ಚಪ್ಪಾಳೆ ತಟ್ಟುತ್ತಿದ್ದರು. "ಏ ಹೋತು!" ಅಂತ ಅವಳ ಜೊತೆಗೇ ಕೂಗುವುದೂ ಇತ್ತು.

"ಆಕಿ ಕಣ್ಣಾಗ ಟೇಪ್ ಐತ್ರಿ" ಅಂತ ಇಮಾಮಸಾಬರು ಎಲ್ಲರಿಗೂ ಹೇಳುತ್ತಿದ್ದರು.

ನನ್ನ ಕೆಲಸ ಬೇರೆ. ಆಟ ಮುಗಿದ ಮೇಲೆ ಹಸಿ ಜೆರ್ಸಿಗಳನ್ನು ಹಾಸ್ಟೆಲಿನ ತಂತಿಗೆ ಹಾಕಲು ಜಾಗವಿರುತ್ತಿರಲಿಲ್ಲ. ನಾನು ಸ್ವಲ್ಪ ಎತ್ತರದ ಹೆಂಗಸು. ತುದಿಗಾಲಲ್ಲಿ ನಿಂತರೆ ಗೋಲಿನ ಅಡ್ಡಪೈಪು ಕೈಗೆ ಸಿಗುತ್ತಿತ್ತು. ಹಾಗಾಗಿ ಬಿಸಿಲು ಬಿದ್ದ ದಿನ ಜೆರ್ಸಿಗಳನ್ನೆಲ್ಲ ಅದರ ಮೇಲೆ ಸಾಲಾಗಿ ಹರವುತ್ತಿದ್ದೆ. ಇಮಾಮಸಾಬರು ಮೊದಲ ದಿನ ಹೌಹಾರಿ, "ಏನ್ರಿ ಅಕ್ಕಾರ, ಗೋಲಪೋಸ್ಟ್ ರೀ ಅದು!" ಅಂದರು. "ವಿವಿಧೋದ್ದೇಶ ಅಂತ ಬರದಾರಲ್ರಿ" ಅಂದೆ. ಮುಂದೆ ಅವರು ಆ ಸುದ್ದಿಗೆ ಬರಲಿಲ್ಲ.

ಹುಲಿಗೆವ್ವನ ಅಪ್ಪ ಶಿವಪ್ಪ. ಸೂಡಿಯಲ್ಲಿ ಹೊಲ, ಜೊತೆಗೆ ಒಂದು ಟ್ರ್ಯಾಕ್ಟರು. ಕರೆದ ಕಡೆ ಗರಸು, ಇಟ್ಟಿಗೆ, ಉಳ್ಳಾಗಡ್ಡಿ ಚೀಲ ಹೊಡೆಯುತ್ತಿದ್ದ. ರೋಣದ ಕಡೆ ಬಂದಾಗಲೆಲ್ಲ ಹಾಸ್ಟೆಲ್ ಮುಂದೆ ಟ್ರ್ಯಾಕ್ಟರ್ ನಿಲ್ಲಿಸಿ, ಇಂಜಿನ್ ಆರಿಸದೆ, ಶೇಂಗಾ ಚಟ್ನಿ ಡಬ್ಬಿ ಕೊಟ್ಟು ಹೋಗುತ್ತಿದ್ದ. ಮಗಳ ಬಗ್ಗೆ ಅವನಿಗಿದ್ದ ಹೆಮ್ಮೆ ನೋಡಬೇಕಿತ್ತು. "ಸಾಲ್ಯಾಗ ಹಿಂದ ಬಿದ್ದಾಳ್ರಿ, ಇದರಾಗ ಮುಂದ ಅದಾಳ" ಅಂತ ನನಗೇ ಎರಡು ಸಲ ಹೇಳಿದ್ದ. ಆ ವರ್ಷ ಗದಗಿನಲ್ಲಿ ಆಗುವ ಪಂದ್ಯಕ್ಕೆ ಸರಕಾರದ ಕ್ರೀಡಾ ನಿಲಯಕ್ಕೆ ಮಕ್ಕಳನ್ನು ಆರಿಸುವವರು ಬರುತ್ತಾರೆ ಅಂತ ಸುದ್ದಿಯಿತ್ತು. ಆರಿಸಿದರೆ ಓದು, ಊಟ, ಆಟ ಎಲ್ಲ ಅಲ್ಲೇ. ವಯಸ್ಸಿನ ಲೆಕ್ಕದಲ್ಲಿ ಹುಲಿಗೆವ್ವನಿಗೆ ಅದೇ ಕೊನೆಯ ಅವಕಾಶ. ಶಿವಪ್ಪ ಸೂಡಿಯ ಚಹಾ ಅಂಗಡಿಯ ಮಾತಿನಲ್ಲಿ ಅವಳನ್ನು ಆಗಲೇ ಆ ನಿಲಯಕ್ಕೆ ಕಳಿಸಿಕೊಟ್ಟಾಗಿತ್ತು.

ಗದಗಿನ ಮೈದಾನ ನೋಡಿ, ರೋಣ ಬಿಟ್ಟು ಬೇರೆಲ್ಲೂ ಆಡಿರದ ನಮ್ಮ ಹುಡುಗಿಯರು ಬಾಯಿ ತೆರೆದು ನಿಂತರು. ಹಸಿರು ಹುಲ್ಲು, ಬಿಳಿ ಗೆರೆ, ಎರಡೂ ಕಡೆ ಬಲೆ ಕಟ್ಟಿದ ಗೋಲು. ಎಲ್ಲವೂ ನಮ್ಮದಕ್ಕಿಂತ ದೊಡ್ಡದಾಗಿ ಕಂಡವು. ಬಸ್ ಸ್ಟ್ಯಾಂಡೂ ದೊಡ್ಡದಿತ್ತು, ಇಡ್ಲಿಯೂ ದೊಡ್ಡದಿತ್ತು. ದೊಡ್ಡ ಊರಲ್ಲಿ ದೊಡ್ಡದಿರುವುದೇ ಸರಿ ಅಂತ ಯಾರಿಗೂ ಏನೂ ಅನ್ನಿಸಲಿಲ್ಲ. ಶಿವಪ್ಪ ತಲೆಗೆ ಹೊಸ ಪಟಗ ಸುತ್ತಿಕೊಂಡು ಸೂಡಿಯ ಏಳೆಂಟು ಮಂದಿಯನ್ನು ಕಟ್ಟಿಕೊಂಡು ಮುಂದಿನ ಸಾಲಿನಲ್ಲೇ ಕೂತಿದ್ದ.

ಹುಲಿಗೆವ್ವ ಅವತ್ತು ಆಡಿದ ಹಾಗೆ ಎಂದೂ ಆಡಿರಲಿಲ್ಲ. ಎಡಕ್ಕೆ ಬಿದ್ದಳು, ಬಲಕ್ಕೆ ಬಿದ್ದಳು, ಒಂದು ಸಲ ಎದುರಾಳಿಯ ಕಾಲ ಕೆಳಗಿನಿಂದ ಚೆಂಡು ಕಿತ್ತುಕೊಂಡಳು. ಆರಿಸಲು ಬಂದವರಲ್ಲಿ ಒಬ್ಬರು ಇಮಾಮಸಾಬರ ಹತ್ತಿರ ಬಂದು ಹುಡುಗಿಯ ಹೆಸರು ಕೇಳಿ ಹೋದರು. ಇಮಾಮಸಾಬರು ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದರು. ಎರಡೂ ಕಡೆ ಗೋಲಿಲ್ಲ. ಮಳೆ ಜಿನುಗಲು ಶುರುವಾಗಿತ್ತು, ಆಟ ಇನ್ನೇನು ಮುಗಿಯಬೇಕು.

ಆಗ ದೂರದಿಂದ ಒಬ್ಬ ಹುಡುಗಿ ಒದ್ದಳು. ಚೆಂಡು ಎತ್ತರಕ್ಕೆ ಬಂತು. ಹುಲಿಗೆವ್ವ ನೋಡಿದಳು. "ಹೋತು" ಅಂದಳು. ಬೆನ್ನು ತಿರುಗಿಸಿ ಎರಡು ಹೆಜ್ಜೆ ಮುಂದೆ ಬಂದಳು. ಅವಳ ಹಿಂದೆ ಚೆಂಡು ಅಡ್ಡಪೈಪಿನ ಕೆಳಗೆ ತೂರಿ ಬಲೆಗೆ ಬಡಿಯಿತು.

ಅವಳು ತಿರುಗಿ ನೋಡಿದಾಗಿನ ಮುಖ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಯಾರೋ ಸುಳ್ಳು ಹೇಳುತ್ತಿದ್ದಾರೆ ಅನ್ನುವ ಹಾಗೆ ಬಲೆಯನ್ನೇ ನೋಡುತ್ತ ನಿಂತಳು. ಹೆಸರು ಕೇಳಿ ಹೋಗಿದ್ದವರು ಮತ್ತೆ ನಮ್ಮ ಕಡೆ ಬರಲಿಲ್ಲ.

ಆಟ ಮುಗಿದ ಮೇಲೆ ಶಿವಪ್ಪ ಮೈದಾನದೊಳಕ್ಕೇ ನಡೆದು ಬಂದ. ಸೂಡಿಯವರು, ಹುಡುಗಿಯರು, ಎದುರು ತಂಡದವರು ಎಲ್ಲರೂ ಇದ್ದರು.

"ಕೈ ಎತ್ತಾಕ ಏನಾಗಿತ್ತ ನಿನಗ? ಬೆನ್ನ ತಿರುವಿ ನಿಂತಿ? ಮಂದಿ ಮುಂದ ನನ್ನ ಮಾನಾ ಕಳೀಬೇಕಂತ ಬಂದಿಯೇನ?"

"ಅದು ಮ್ಯಾಲ ಹೊಂಟಿತ್ತಪ್ಪಾ" ಅಂದಳು ಹುಲಿಗೆವ್ವ.

"ಮ್ಯಾಲ ಹೊಂಟಿತ್ತಂತ! ಊರ ಮಂದೀಗೆಲ್ಲಾ ಕಂಡದ್ದು ನಿನಗೊಬ್ಬಾಕಿಗಿ ಕಾಣಲಿಲ್ಲೇನ?" ಅಂದವನೇ ಪಟಗ ಕೈಯಲ್ಲಿ ಹಿಡಿದು ಹೊರಟುಹೋದ. ಇಮಾಮಸಾಬರು ಏನೋ ಹೇಳಲು ಹೋದರು, ಅವನು ನಿಲ್ಲಲಿಲ್ಲ. ನನಗೆ ಬಂದ ಸಿಟ್ಟಿಗೆ ಎರಡು ಮಾತು ಅವನ ಬೆನ್ನಿಗೇ ಅಂದೆ, ಕೇಳಿಸಿತೋ ಇಲ್ಲವೋ.

ಏನು ಮಾಡಬೇಕೋ ತಿಳಿಯದೆ ನಾನು ದಿನದ ಅಭ್ಯಾಸದಂತೆ ಒದ್ದೆ ಜೆರ್ಸಿಗಳನ್ನು ತೆಗೆದುಕೊಂಡು ಗೋಲಿನ ಹತ್ತಿರ ಹೋದೆ. ಮಳೆ ನಿಂತು ಬಿಸಿಲು ಬಿದ್ದಿತ್ತು. ಟೆಂಪೋ ಬರುವತನಕ ಆರಲಿ ಅಂತ. ತುದಿಗಾಲಲ್ಲಿ ನಿಂತೆ, ಪೈಪು ಸಿಗಲಿಲ್ಲ. ಅಷ್ಟರಲ್ಲಿ ಕಾವಲುಗಾರ ಓಡಿ ಬಂದು, "ಏನ್ ಅರಬಿ ಒಣಾ ಹಾಕೂ ಜಾಗಾನ್ರಿ ಇದು?" ಅಂತ ಗದರಿಸಿದ. ಸೋತ ಮೇಲೆ ಇದೊಂದು ಬಾಕಿ ಇತ್ತು ಅಂದುಕೊಂಡು ಜೆರ್ಸಿ ಹಿಂಡಿ ಚೀಲಕ್ಕೆ ತುರುಕಿದೆ.

ನಾವು ರೋಣ ಮುಟ್ಟುವ ಮೊದಲೇ ವಿಡಿಯೋ ಮುಟ್ಟಿತ್ತು. ಯಾರೋ ಮೊಬೈಲಿನಲ್ಲಿ ಹಿಡಿದದ್ದು. ಚೆಂಡು ಬರುತ್ತದೆ, ಕೀಪರ್ ಬೆನ್ನು ತಿರುಗಿಸುತ್ತಾಳೆ, ಗೋಲು. ಅದನ್ನು ನಿಧಾನಗೊಳಿಸಿ, ಹಿಂದೆ ನಗುವ ಸದ್ದು ಸೇರಿಸಿ ಊರ ಗುಂಪುಗಳಲ್ಲೆಲ್ಲ ತಿರುಗಿಸಿದರು. ಸೊಕ್ಕು ಅಂದರು. ದುಡ್ಡು ತಿಂದಾಳೆ ಅಂದರು. ಹೆಸರು ಒಣಗಿಸುತ್ತಿದ್ದ ಮುದುಕರೂ ಅಂದರು, ಅವಳು ಚೆಂಡು ಬಿಟ್ಟಾಗ ಚಪ್ಪಾಳೆ ತಟ್ಟಿದ ಅದೇ ಮುದುಕರು. ಹುಲಿಗೆವ್ವ ಮೈದಾನಕ್ಕೆ ಹೋಗುವುದನ್ನು ನಿಲ್ಲಿಸಿದಳು. ರಜೆಗೆ ಊರಿಗೂ ಹೋಗಲಿಲ್ಲ. ಶಿವಪ್ಪನ ಟ್ರ್ಯಾಕ್ಟರು ಹಾಸ್ಟೆಲ್ ಮುಂದೆ ಹಾಯುತ್ತಿತ್ತು, ನಿಲ್ಲುತ್ತಿರಲಿಲ್ಲ. ಅಪ್ಪ ಮಗಳ ನಡುವೆ ಮಾತು ಕಡಿದುಹೋಯಿತು.

ಒಂದು ದಿನ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತಳು.

"ಅಕ್ಕಾರ, ನನ್ನ ಕಣ್ಣ ಕೆಟ್ಟಾವೇನೋ. ದವಾಖಾನಿಗಿ ಕರಕೊಂಡ ಹೋಗ್ತೀರೇನ್ರಿ?"

ಕರೆದುಕೊಂಡು ಹೋದೆ. ಡಾಕ್ಟರು ಅಕ್ಷರ ಓದಿಸಿದರು, ಕಣ್ಣಿಗೆ ಹನಿ ಹಾಕಿ ಬೆಳಕು ಬಿಟ್ಟು ನೋಡಿದರು. "ಏನೂ ಆಗಿಲ್ಲ, ಇಂಥಾ ಕಣ್ಣು ನನಗಿದ್ರ ಭಾಳ ಚಲೋ ಆಗ್ತಿತ್ತು" ಅಂತ ನಕ್ಕರು. ಸಂತೋಷಪಡುತ್ತಾಳೆ ಅಂತ ನಾನು ಅಂದುಕೊಂಡಿದ್ದೆ. ಬಸ್ಸಿನಲ್ಲಿ ಬರುವಾಗ ಕಿಟಕಿಯ ಕಡೆ ಮುಖ ಮಾಡಿ ಅಂದಳು: "ಕಣ್ಣ ಚಲೋ ಅದಾವ ಅಂದ್ರ ನಾನಽ ಚಲೋ ಇಲ್ಲ ಅಂತಾತಲ್ರಿ."

ಹುಡುಗಿಯರನ್ನು ಬೈದು ರೂಢಿಯಿದೆ ನನಗೆ, ಸಮಾಧಾನ ಮಾಡಿ ರೂಢಿಯಿಲ್ಲ. ಅವಳ ತಲೆ ಮೇಲೆ ಒಂದು ಸಲ ಕೈಯಿಟ್ಟು ತೆಗೆದೆ, ಅಷ್ಟೇ.

ಮರುದಿನ ಬಿಸಿಲು ಚೆನ್ನಾಗಿ ಬಿದ್ದಿತ್ತು. ಹಾಸ್ಟೆಲಿನ ಚಾದರುಗಳನ್ನೆಲ್ಲ ಒಗೆಸಿದ್ದೆ. ಗೋಡೆ ದಾಟಿ ಹೋಗಿ ಗೋಲಿನ ಪೈಪಿನ ಮೇಲೆ ಒಂದೊಂದೇ ಹರವುತ್ತಿದ್ದೆ. ಮೂರನೆಯದನ್ನೋ ನಾಲ್ಕನೆಯದನ್ನೋ ಹಾಕುವಾಗ ಕೈ ಪೈಪಿನ ಮೇಲೇ ನಿಂತುಬಿಟ್ಟಿತು. ಅಲ್ಲಾ, ಗದಗಿನಲ್ಲಿ ಇದು ಸಿಗಲಿಲ್ಲವಲ್ಲ! ಅದೇ ನಾನು, ಅದೇ ತುದಿಗಾಲು. ಇಲ್ಲಿ ಅಂಗೈಯೇ ಪೈಪಿನ ಮೇಲೆ ಕೂರುತ್ತದೆ, ಅಲ್ಲಿ ಬೆರಳ ತುದಿಯೂ ಮುಟ್ಟಲಿಲ್ಲ. ಚಾದರನ್ನು ಅಲ್ಲೇ ಬಿಟ್ಟು ಬಜಾರಿಗೆ ನಡೆದೆ. ನಡೆದೆ ಏನು, ಹೆಚ್ಚುಕಡಿಮೆ ಓಡಿದೆ.

ಇಮಾಮಸಾಬರು ಹತ್ತಿ ಹಿಂಜಿಸುತ್ತಿದ್ದರು. ಹೇಳಿದ್ದನ್ನೆಲ್ಲ ಕೇಳಿ ಮುಖ ಕೆಂಪಗೆ ಮಾಡಿಕೊಂಡರು. "ಏನಂತೀರಿ ಅಕ್ಕಾರ? ನಾ ಹಾಕಿದ ಗೋಲು ಗಿಡ್ಡ ಐತಿ ಅಂತೀರಿ? ಎಂಟ ಅಡಿ, ಒಂದ ಕೂದಲದಷ್ಟೂ ಹೆಚ್ಚುಕಮ್ಮಿ ಇಲ್ಲ. ಬೇಕಾದ್ರ ನನ್ನ ಎದಿ ಮ್ಯಾಲ ಕೈ ಇಟ್ಟ ಹೇಳ್ತೀನಿ."

"ಎದಿ ಮ್ಯಾಲ ಕೈ ಇಡಬ್ಯಾಡ್ರಿ. ಟೇಪ್ ತಗೊಂಡ ಬರ್ರಿ" ಅಂದೆ.

ಗಾದಿ ಅಳೆಯುವ ಟೇಪು ತಂದರು. ಅಳೆದರು. ಮತ್ತೆ ಅಳೆದರು. ಏಳಡಿಯ ಮೇಲೆ ಚೂರು ಇತ್ತು. ಇಮಾಮಸಾಬರು ಕಂಬ ಹಿಡಿದು ಅಲುಗಿಸಿ ನೋಡಿದರು. ಕಾಂಕ್ರೀಟು ಹಾಕಿದ ಕಂಬ ಕೆಳಗೆ ಇಳಿಯುವುದಾದರೂ ಹೇಗೆ? ಆಮೇಲೆ ಅವರೇ ಕೆಳಗೆ ನೋಡಿದರು. "ಕಂಬಕ್ಕ ಗೇಣ ಎತ್ತರಕ್ಕ ಒಂದ ಕೆಂಪ ಪಟ್ಟಿ ಹೊಡದಿದ್ದೆ ನಾ. ಎಲ್ಲಿ ಹೋತದು? ಮಳಿಗಿ ಅಳಿಸೇತಿ ಅಂತ ತಿಳಕೊಂಡಿದ್ದೆ" ಅಂದರು.

ಹಾರೆ ತರಿಸಿ ಕಂಬದ ಬುಡ ಅಗೆದೆವು. ರೋಲರ್ ತುಳಿದು ತುಳಿದು ಗರಸು ಕಲ್ಲಾಗಿತ್ತು. ಒಂದಿಷ್ಟು ಕೆಂಪು, ಅದರ ಕೆಳಗೆ ಹಳದಿ, ನಡುವೆ ಇಟ್ಟಿಗೆ ಚೂರು, ಮತ್ತೆ ಕೆಂಪು. ಒಂದು ಪದರದಲ್ಲಿ ಜೋಕಾಲಿ ಟಿಕೆಟ್ಟಿನ ಪ್ಲಾಸ್ಟಿಕ್ಕು. ಒಂದರಲ್ಲಿ ಶಾಮಿಯಾನದ ಮೊಳೆ. ಇಮಾಮಸಾಬರು ಕೈಯಲ್ಲಿ ಹಿಡಿದು ಹೇಳುತ್ತಲೇ ಹೋದರು: ಇದು ಪ್ರವಚನ ಆದ ವರ್ಷದ್ದು, ಇದು ಹೆಲಿಕಾಪ್ಟರ್ ಇಳಿದಾಗಿನದು, ಇದು ವಸ್ತುಪ್ರದರ್ಶನದ್ದು. ಪ್ರತಿ ಸಲ ನಾಲ್ಕು ಬೆರಳೂ ಇಲ್ಲ. ಪ್ರತಿ ಸಲ ಒಳ್ಳೆಯದಕ್ಕೇ ಹಾಕಿದ್ದು. ಹೀಗೆ ಊರಿನ ಸಂಭ್ರಮವೆಲ್ಲ ಕೂಡಿ ಗೋಲಿನ ಮುಂದಿನ ನೆಲವನ್ನು ಒಂದಡಿ ಎತ್ತಿಬಿಟ್ಟಿತ್ತು, ಅದರ ಮೇಲೆ ನಿಂತು ಆಡುವವರಿಗೆ ಗೊತ್ತೇ ಆಗದ ಹಾಗೆ. ಕೆಳಗೆ ಹೋದಂತೆ ಕೆಂಪು ಪಟ್ಟಿ ಸಿಕ್ಕಿತು, ಬಣ್ಣ ಹೊಸದಿದ್ದ ಹಾಗೇ ಇತ್ತು. ಅದರ ಕೆಳಗೆ ಒಂದು ಗೇಣಿಗೆ ಎರೆಮಣ್ಣು.

ಇಮಾಮಸಾಬರು ಆ ಮಣ್ಣಲ್ಲೇ ಕುಕ್ಕರಿಸಿ ಕೂತು ಅತ್ತುಬಿಟ್ಟರು. "ಹುಡಿಗಿ ಕಣ್ಣ ಖರೇ ಇತ್ತು. ನಾ ಆಕೀಗಿ ಖೊಟ್ಟಿ ಗೋಲ್ ಕೊಟ್ಟಿದ್ದೆ."

ಹುಲಿಗೆವ್ವನನ್ನು ಕೈಹಿಡಿದು ಎಳೆದು ತಂದೆ. ಅವಳು ಗುಂಡಿಯೊಳಗೆ ಇಳಿದು, ಎರೆಮಣ್ಣಿನ ಮೇಲೆ ಬರಿಗಾಲಲ್ಲಿ ನಿಂತು ಮೇಲೆ ನೋಡಿದಳು. ಕೈ ಎತ್ತಿದಳು. ಪೈಪು ಸಿಗಲಿಲ್ಲ. ನಾನು ಅಳುತ್ತಾಳೆ ಅಂದುಕೊಂಡೆ, ಅಳಲಿಲ್ಲ. "ಇಷ್ಟ ಎತ್ತರಾ?" ಅಂದಳು. ಆಮೇಲೆ ಸಲಿಕೆ ಎತ್ತಿಕೊಂಡಳು.

ಅಲ್ಲಿಂದ ದಿನಾ ಸಂಜೆ ಹುಡುಗಿಯರೆಲ್ಲ ಸೇರಿ ಗೋಲಿನ ಮುಂದಿನ ಗರಸನ್ನು ಕೆರೆದು ತೆಗೆಯತೊಡಗಿದರು. ಅಂಗೈಯಲ್ಲಿ ಗುಳ್ಳೆ ಎದ್ದವು. ಗದಗಿಗೆ ಹೋಗಿ ಇಮಾಮಸಾಬರು ಆರಿಸುವವರನ್ನು ಹುಡುಕಿ ಎಲ್ಲ ಹೇಳಿ ಬಂದರು. ಅವರು ಸಮಾಧಾನದಿಂದ ಕೇಳಿದರಂತೆ, ಆದರೆ ಆ ವರ್ಷದ ಆಯ್ಕೆ ಮುಗಿದಿತ್ತು, ಅವಳ ವಯಸ್ಸೂ ಮುಗಿದಿತ್ತು. ಆ ಚೆಂಡು ಕಿತ್ತುಕೊಂಡು ಹೋದದ್ದನ್ನು ಯಾರೂ ತಿರುಗಿ ತಂದುಕೊಡಲಿಲ್ಲ.

ಅಷ್ಟರಲ್ಲಿ ಮತ್ತೊಂದು ಕಾರ್ಯಕ್ರಮ ಬಂತು. ಯಾರೋ ದೊಡ್ಡವರು ಬರುವವರಿದ್ದರು. ಉಸ್ತುವಾರಿ ಹೊತ್ತ ಒಬ್ಬ ಮನುಷ್ಯ ಬೆಳಿಗ್ಗೆಯೇ ಬಂದು ಗೋಲಿನ ಮುಂದಿನ ಹೊಂಡ ನೋಡಿ ತಲೆ ಮೇಲೆ ಕೈಹೊತ್ತುಕೊಂಡ. "ಯಾರ್ರೀ ಇದನ್ನ ಅಗದವ್ರು? ಸಂಜೀಕ ಸ್ಟೇಜ್ ಹಾಕಬೇಕು ಇಲ್ಲಿ!" ಅಂತ ಕೂಗಾಡಿ ಗರಸಿಗೆ ಫೋನು ಹಚ್ಚಿದ. ನಾನು ಗೋಡೆ ದಾಟಿ ಬರುವಷ್ಟರಲ್ಲಿ ಹುಲಿಗೆವ್ವ ಹೊಂಡದಲ್ಲಿ ಇಳಿದು, ಎರಡು ಕಂಬಗಳ ನಡುವೆ, ಕೈ ಅಗಲಿಸಿ ನಿಂತಾಗಿತ್ತು.

"ಇಲ್ಲಿ ಒಂದ ಬುಟ್ಟಿ ಮಣ್ಣ ಹಾಕಾಕ ಬಿಡಂಗಿಲ್ಲ ನಾ" ಅಂದಳು. ಅವಳು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಗೇಟಿನಲ್ಲಿ ಟ್ರ್ಯಾಕ್ಟರಿನ ಸದ್ದಾಯಿತು. ಟ್ರೇಲರ್ ತುಂಬ ಗರಸು. ಮೇಲೆ ಶಿವಪ್ಪ.

ಉಸ್ತುವಾರಿಯವನು ಓಡಿ ಹೋಗಿ, "ಲಗೂ ಸುರುವಪಾ, ಹೊತ್ತಾಗೇತಿ. ಆ ಹುಡಿಗೀನ ಎಬ್ಬಿಸಿ ಕಳಸು" ಅಂದ. ಶಿವಪ್ಪ ಇಂಜಿನ್ ಆರಿಸಿದ. ಕೆಳಗಿಳಿದು ಬಂದ. ಮಗಳ ಮುಖ ನೋಡಲಿಲ್ಲ, ಹೊಂಡದ ಅಂಚು ನೋಡಿದ. ಸಲಿಕೆ ಕಡಿದ ಕಡೆ ಪದರಗಳು ಒಂದರ ಮೇಲೊಂದು ಎದ್ದು ಕಾಣುತ್ತಿದ್ದವು. ಅವನು ಬಗ್ಗಿ ಹಳದಿ ಪದರದಿಂದ ಒಂದು ಹಿಡಿ ಕಿತ್ತು ಬೆರಳಲ್ಲಿ ಉಜ್ಜಿದ. ಅದರ ಕೆಳಗಿನದನ್ನು ಕಿತ್ತ. ಎಲ್ಲಿಂದ ತುಂಬಿದ್ದು ಅಂತ ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಹೊಂಡಕ್ಕೆ ಇಳಿದು ಕೈ ಎತ್ತಿ ನೋಡಿದ, ಪೈಪು ಸಿಗಲಿಲ್ಲ. ಮೇಲೆ ಹತ್ತಿ ಗರಸಿನ ಮೇಲೆ ನಿಂತು ಕೈ ಎತ್ತಿದ, ಸಿಕ್ಕಿತು. ಸುದ್ದಿ ತಿಳಿದು ಬಜಾರಿನಿಂದ ಬಂದಿದ್ದ ಇಮಾಮಸಾಬರು ಏನೋ ಹೇಳಲು ಹೋದರು. ನಾನು ಬೇಡ ಅಂತ ಕಣ್ಣು ಮಾಡಿದೆ.

"ಅವತ್ತ ಚೆಂಡ ಎಲ್ಲಿಗಿ ಬಂದಿತ್ತ?" ಅಂತ ಕೇಳಿದ, ಪೈಪನ್ನೇ ನೋಡುತ್ತ.

ಹುಲಿಗೆವ್ವ ಹೊಂಡದಲ್ಲೇ ನೆಗೆದು ಗಾಳಿಯಲ್ಲಿ ಒಂದು ಜಾಗ ಮುಟ್ಟಿ ತೋರಿಸಿದಳು. ಪೈಪಿಗಿಂತ ಒಂದು ಗೇಣು ಕೆಳಗೆ.

ಶಿವಪ್ಪ ಆ ಜಾಗ ನೋಡಿದ, ಕಾಲಡಿಯ ಗರಸು ನೋಡಿದ, ಲೆಕ್ಕ ಹಾಕಿದ. "ಇಲ್ಲೆ ಆಗಿದ್ರ ಮ್ಯಾಲ ಹೋಗ್ತಿತ್ತು" ಅಂದ. ಅಂದವನು ಹೊಂಡದ ಅಂಚಿನಲ್ಲಿ ಕೂತುಬಿಟ್ಟ. "ಎಲ್ಲಾ ನಾನಽ ತಂದ ಹಾಕಿದ್ದವಾ. ವರ್ಷಾ ವರ್ಷಾ ನಾನಽ ತಂದ ಸುರುವಿದ್ದು. ಮತ್ತ ನಾನಽ ಮಂದ್ಯಾಗ ನಿನ್ನ ಅಂದೆ." ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಮುಚ್ಚಿಕೊಂಡ. ಅವನ ಭುಜ ಅಲುಗುವುದನ್ನು ಉಸ್ತುವಾರಿಯವನೂ ನೋಡುತ್ತ ನಿಂತ, ಗಡಿಯಾರ ಮರೆತು.

ಹುಲಿಗೆವ್ವ ಕೈ ಕೆಳಗಿಳಿಸಿದಳು. "ಏಳಪ್ಪಾ. ಅರಬಿ ಹೊಲಸಾಗ್ತಾವ" ಅಂದಳು.

ಅವನು ಎದ್ದು, ಮಗಳ ಕಡೆ ನೋಡಿ ಕೇಳಿದ: "ಇದನ್ನ ಎಲ್ಲಿ ಸುರುವಲಿ?"

"ಗೇಟಿನ ಹೊರಗ."

ಉಸ್ತುವಾರಿಯವನು ಎಷ್ಟು ಕೂಗಿದರೂ ಶಿವಪ್ಪ ಟ್ರ್ಯಾಕ್ಟರು ತಿರುಗಿಸಿದ. ಆ ಸಲ ವೇದಿಕೆ ಗ್ಯಾಲರಿಯ ಕಡೆ ಬಿತ್ತು, ದೊಡ್ಡವರು ಬಂದು ಕೆಸರು ತುಳಿದುಕೊಂಡೇ ಭಾಷಣ ಮಾಡಿ ಹೋದರು, ಯಾರಿಗೂ ಏನೂ ಆಗಲಿಲ್ಲ. ಗೇಟಿನ ಹೊರಗೆ ಗರಸು ಸುರಿದು ಅವನು ಖಾಲಿ ಟ್ರೇಲರ್ ಹಿಂದಕ್ಕೆ ತಂದ. ಹುಡುಗಿಯರು ಕೆರೆದು ಗುಡ್ಡೆ ಹಾಕಿದ್ದ ಹಳೆಯ ಗರಸನ್ನು ತಾನೇ ಸಲಿಕೆ ಹಿಡಿದು ತುಂಬಿದ. ಅವಳು ಬುಟ್ಟಿ ಎತ್ತಿಕೊಟ್ಟಳು. ತುಂಬಿ ಮುಗಿದ ಮೇಲೆ ಶಿವಪ್ಪ ಇಂಜಿನ್ ಚಾಲೂ ಮಾಡಿ, ಹೊರಡದೆ, ಹಾಗೇ ಕೂತ. ಹುಲಿಗೆವ್ವ ಕೈ ಕೊಡವಿಕೊಂಡು ಬಂದು ಅಪ್ಪನ ಪಕ್ಕ ಮಡ್‌ಗಾರ್ಡಿನ ಮೇಲೆ ಹತ್ತಿ ಕೂತಳು. ಕೂತ ಮೇಲೆ ನೆನಪಾಗಿ ನನ್ನ ಕಡೆ ಹೆದರಿಕೆಯಿಂದ ನೋಡಿದಳು, ರಜೆಯ ಚೀಟಿ ಇಲ್ಲದೆ ನಾನು ಯಾರನ್ನೂ ಊರಿಗೆ ಬಿಡುವವಳಲ್ಲ ಅಂತ ಅವಳಿಗೆ ಗೊತ್ತಿತ್ತು.

"ಹೋಗ್ ಹೋಗ್" ಅಂದೆ. ಇಷ್ಟು ವರ್ಷದ ನೌಕರಿಯಲ್ಲಿ ಚೀಟಿ ಇಲ್ಲದೆ ನಾನು ಊರಿಗೆ ಕಳಿಸಿದ್ದು ಅವಳೊಬ್ಬಳನ್ನೇ.